4094ಕ್ಕೂ ಮುಂಚೆ ಸಿಗುವ ಗೋಡೆಗಳು: ವರ್ಚುವಲ್ ಸರ್ವರ್‌ಗಳು ಮತ್ತು ವಿಲ್ಯಾನ್ ಮಿತಿ

ಕೆಲವು ವಾರಗಳ ಹಿಂದೆ ಬೆಂಗಳೂರಿನಲ್ಲಿ ಸಿಸ್ಟಮ್ ಅಡ್ಮಿನ್ ಗೆಳೆಯರ ಒಂದು ಸಣ್ಣ ಕೂಟದಲ್ಲಿ ಮಾತಾಡಿದ್ದೆ. ಬರಲಾಗದ ಕೆಲವರು ಬರೆದು ಕೊಡಿ ಎಂದರು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಪ್ರೊಜೆಕ್ಟರ್ ಕೈಕೊಟ್ಟ ಹತ್ತು ನಿಮಿಷವನ್ನು ಮಾತ್ರ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಒಂದು ನೆಟ್‌ವರ್ಕ್‌ನಲ್ಲಿ ಎಷ್ಟು ವಿಲ್ಯಾನ್, ಅಂದರೆ ಒಂದೇ ತಂತಿಯ ಮೇಲೆ ಬೇರೆ ಬೇರೆಯಾಗಿ ಓಡುವ ವರ್ಚುವಲ್ ಜಾಲ, ಮಾಡಬಹುದು? (ಮೂರ್ನಾಲ್ಕು ಜನ ಒಟ್ಟಿಗೆ "4094" ಎಂದರು.) ಸರಿ. ಇಂಟರ್‌ವ್ಯೂನಲ್ಲಿ ಈ ಉತ್ತರಕ್ಕೆ ಪೂರ್ತಿ ಮಾರ್ಕ್ಸ್. ಈಗ ಎರಡನೇ ಪ್ರಶ್ನೆ. 4094ನ್ನು ನಿಜವಾಗಿ ಮುಟ್ಟಿ, ಇನ್ನು ಜಾಗ ಇಲ್ಲ ಅಂತ ನಿಂತವರು ಯಾರಾದರೂ ಇದ್ದೀರಾ? (ಒಂದು ಕೈಯೂ ಏಳಲಿಲ್ಲ.) ನಾನೂ ಮುಟ್ಟಿಲ್ಲ. ಹೋಗಲಿ, ವಿಲ್ಯಾನ್ ಜಾಸ್ತಿಯಾಗಿ ರಾತ್ರಿ ನಿದ್ದೆ ಕಳೆದುಕೊಂಡವರು? (ಅರ್ಧಕ್ಕರ್ಧ ಜನ ಕೈ ಎತ್ತಿದರು.)

ನೋಡಿ, ಇದೇ ವಿಚಿತ್ರ. ನಮಗೆಲ್ಲ ಗೊತ್ತಿರುವ ಮಿತಿ ನಮ್ಮನ್ನು ಯಾವತ್ತೂ ತಡೆದಿಲ್ಲ. ತಡೆದದ್ದು ಬೇರೆ ಯಾವುದೋ. ಆ "ಬೇರೆ ಯಾವುದೋ" ಏನು ಅಂತ ಹುಡುಕೋಣ.

ವಠಾರದ ಮನೆ ನಂಬರ್

ಹಳೇ ಬೆಂಗಳೂರಿನ ವಠಾರ ಕಂಡವರಿಗೆ ವಿಲ್ಯಾನ್ ಅರ್ಥ ಮಾಡಿಸುವುದು ಸುಲಭ. ಒಂದೇ ಗೇಟು, ಒಳಗೆ ಹತ್ತು ಮನೆ. ಅಂಚೆಯವನು ಎಲ್ಲರ ಕಾಗದಗಳನ್ನೂ ಒಂದೇ ಚೀಲದಲ್ಲಿ ಗೇಟಿನವರೆಗೆ ತರುತ್ತಾನೆ. ಕಾಗದದ ಮೇಲೆ ಮನೆ ನಂಬರ್ ಇದ್ದರೆ ಸರಿಯಾದ ಬಾಗಿಲಿಗೆ ಹೋಗುತ್ತದೆ. ಸ್ವಿಚ್‌ನಿಂದ ಸರ್ವರ್‌ಗೆ ಬರುವ ಟ್ರಂಕ್ ಕೇಬಲ್ ಆ ಚೀಲ. ಒಂದೊಂದು ಕಾಗದ ಒಂದೊಂದು ಫ್ರೇಮು, ಅಂದರೆ ಡೇಟಾದ ಒಂದು ತುಂಡು. ಫ್ರೇಮಿಗೆ ಹಚ್ಚಿದ ಟ್ಯಾಗ್ ಆ ಮನೆ ನಂಬರ್.

ವಿಲ್ಯಾನ್ ಎಂಬ ಯೋಚನೆ ಶುರುವಾದದ್ದು 1980ರ ದಶಕದಲ್ಲಿ, ಅಮೆರಿಕದ ಬೆಲ್‌ಕೋರ್ ಎಂಬ ಟೆಲಿಕಾಂ ಸಂಶೋಧನಾ ಸಂಸ್ಥೆಯಲ್ಲಿದ್ದ ಡೇವಿಡ್ ಸಿನ್ಕೊಸ್ಕಿ ಅವರ ಕೆಲಸದಿಂದ. ಎಲ್ಲ ಕಂಪನಿಗಳ ಸ್ವಿಚ್‌ಗೂ ಅರ್ಥವಾಗುವ ಒಂದೇ ಟ್ಯಾಗ್ ಬಂದದ್ದು 1998ರಲ್ಲಿ, ಐಇಇಇ 802.1ಕ್ಯೂ ಎಂಬ ಮಾನದಂಡದ ಮೂಲಕ. ಟ್ಯಾಗ್‌ಗೆ ಸಿಕ್ಕಿದ್ದು ಬರೀ 4 ಬೈಟ್. ಅದಕ್ಕೇ ಈಥರ್‌ನೆಟ್ ಫ್ರೇಮಿನ ಗರಿಷ್ಠ ಉದ್ದ 1518ರಿಂದ 1522 ಬೈಟ್‌ಗೆ ಏರಿತು. ಆ ನಾಲ್ಕರಲ್ಲಿ ಮೊದಲ ಎರಡು ಬೈಟ್ "ಇದು ಟ್ಯಾಗ್ ಹಚ್ಚಿದ ಫ್ರೇಮು" ಅಂತ ಹೇಳುವುದಕ್ಕೇ ಖರ್ಚಾಯಿತು. ಉಳಿದದ್ದು 16 ಬಿಟ್. ಅದರಲ್ಲಿ 3 ಬಿಟ್ ಆದ್ಯತೆಗೆ ಹೋಯಿತು. 1 ಬಿಟ್ ಟೋಕನ್ ರಿಂಗ್‌ನಂಥ ನೆಟ್‌ವರ್ಕ್‌ಗಳ ಜೊತೆ ಹೊಂದಾಣಿಕೆಗೆ ಹೋಯಿತು. ಮಿಕ್ಕಿದ್ದು 12.

ಟೋಕನ್ ರಿಂಗ್ ಈಗ ಎಲ್ಲಿದೆ? ನಿಮ್ಮಲ್ಲಿ ಹಲವರು ಅದನ್ನು ಕಣ್ಣಲ್ಲೂ ಕಂಡಿರಲಿಕ್ಕಿಲ್ಲ. ಅದಕ್ಕಾಗಿ ಕೊಟ್ಟ ಒಂದು ಬಿಟ್ ಉಳಿದಿದ್ದರೆ ನಮಗೆ 8192 ನಂಬರ್ ಸಿಗುತ್ತಿದ್ದವು. ಸುಮ್ನೆ ಹೊಟ್ಟೆಕಿಚ್ಚಿಗೆ ಹೇಳಿದೆ. ಅವತ್ತು ಕೂತು ತೀರ್ಮಾನಿಸಿದವರ ತಪ್ಪೇನೂ ಇಲ್ಲ. ಮಹಡಿಗೊಂದು ವಿಲ್ಯಾನ್, ಅಕೌಂಟ್ಸ್‌ಗೊಂದು, ಪ್ರಿಂಟರ್‌ಗೊಂದು ಅಂತ ಎಣಿಸುತ್ತಿದ್ದ ಕಾಲ ಅದು. ಆಗ 4096 ಅಂದರೆ ಸಮುದ್ರ.

4096ರಲ್ಲಿ ಸೊನ್ನೆ ಅಂದರೆ "ಆದ್ಯತೆ ಮಾತ್ರ ನೋಡು, ವಿಲ್ಯಾನ್ ಇಲ್ಲ" ಅಂತ. 4095 ಮೀಸಲು. ಹಾಗಾಗಿ 4094. ವರ್ಚುವಲ್ ಸರ್ವರ್ ನಡೆಸುವ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಈ 4095ನ್ನು ಜಾಣತನದಿಂದ ಬಳಸಿಕೊಂಡಿದೆ. ವಿಎಂಗಳು (ವರ್ಚುವಲ್ ಸರ್ವರ್‌ಗಳು) ಸೇರಿಕೊಳ್ಳುವ ಪೋರ್ಟ್ ಗ್ರೂಪಿಗೆ ವಿಲ್ಯಾನ್ 4095 ಅಂತ ಕೊಟ್ಟರೆ, "ಎಲ್ಲ ಟ್ಯಾಗ್‌ಗಳನ್ನೂ ಹಾಗೇ ವಿಎಂ ಒಳಕ್ಕೆ ಬಿಡು" ಎಂದರ್ಥ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

4094 ಪೂರ್ತಿ ನಿಮ್ಮದಾ? ಅದೂ ಅಲ್ಲ. ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ 1002ರಿಂದ 1005 ಇವತ್ತಿಗೂ ಟೋಕನ್ ರಿಂಗ್ ಮತ್ತು ಎಫ್‌ಡಿಡಿಐ ಎಂಬ ಹಳೇ ಜಾಲಗಳಿಗೆ ಮೀಸಲು. ಅಳಿಸಲೂ ಆಗುವುದಿಲ್ಲ. ಸಿಸ್ಕೋದ್ದೇ ನೆಕ್ಸಸ್ 7000ದಲ್ಲಿ 3968ರಿಂದ ಮೇಲಿನವನ್ನು ಸ್ವಿಚ್ ತನ್ನ ಒಳಗಿನ ಕೆಲಸಕ್ಕೆ ಎತ್ತಿಟ್ಟುಕೊಳ್ಳುತ್ತದೆ. ಕ್ಯಾಟಲಿಸ್ಟ್ 6500ರಂಥ ದೊಡ್ಡ ಪೆಟ್ಟಿಗೆಗಳಲ್ಲಿ ಪ್ರತಿ ರೂಟೆಡ್ ಪೋರ್ಟ್ (ರೂಟರ್‌ನ ಹಾಗೆ ತನ್ನದೇ ಐಪಿ ಇರುವ ಪೋರ್ಟ್) ಕೂಡ ಗುಟ್ಟಾಗಿ ಒಂದೊಂದು ವಿಲ್ಯಾನ್ ನಂಬರ್ ತಿನ್ನುತ್ತದೆ. ಸಾಮಾನ್ಯವಾಗಿ 1006ರಿಂದ ಶುರು. ನೀವು 1006 ಮಾಡಲು ಹೋದರೆ "ಅದು ಬಳಕೆಯಲ್ಲಿದೆ" ಅನ್ನುತ್ತದೆ. ಪಟ್ಟಿಯಲ್ಲಿ ಹುಡುಕಿದರೆ ಕಾಣಿಸುವುದಿಲ್ಲ. ದೆವ್ವದ ಮನೆ ಇದ್ದ ಹಾಗೆ.

ವಿಎಂಗೆ ಕಾಲು ಬಂದಾಗ

802.1ಕ್ಯೂ ಬಂದ 1998ರಲ್ಲೇ ವಿಎಂವೇರ್ ಕಂಪನಿಯೂ ಹುಟ್ಟಿತು. ಒಂದು ಸರ್ವರ್‌ನಲ್ಲಿ ಹಲವು ವಿಎಂ ನಡೆಸುವ ಅದರ ಇಎಸ್‌ಎಕ್ಸ್ ಸರ್ವರ್ ಸಾಫ್ಟ್‌ವೇರ್ 2001ರಲ್ಲಿ ಬಂತು. ಓಡುತ್ತಿರುವ ವಿಎಂಅನ್ನು ನಿಲ್ಲಿಸದೆ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ವಿಮೋಷನ್ ಬಂದದ್ದು 2003ರಲ್ಲಿ. ನನ್ನ ಮಟ್ಟಿಗೆ ವಿಲ್ಯಾನ್ ಸಮಸ್ಯೆ ನಿಜವಾಗಿ ಹುಟ್ಟಿದ್ದು ಆ 2003ರಲ್ಲೇ.

ಯಾಕೆ ಅಂತ ಕೇಳಿ. ಅದಕ್ಕೂ ಮುಂಚೆ ಸರ್ವರ್ ಅಂದರೆ ರ‍್ಯಾಕಿನಲ್ಲಿ ಕೂತ ಕಬ್ಬಿಣ. ಅದರ ಕೇಬಲ್ ಹೋಗುವ ಪೋರ್ಟಿಗೆ ಒಂದು ವಿಲ್ಯಾನ್ ಕೊಟ್ಟರೆ ಮುಗಿಯಿತು. ಟ್ರಂಕ್ ಇದ್ದದ್ದು ಸ್ವಿಚ್‌ಗಳ ನಡುವೆ ಮಾತ್ರ. ಅಲ್ಲೂ ನೆಟ್‌ವರ್ಕ್‌ನವರು ಬೇಡದ ವಿಲ್ಯಾನ್‌ಗಳನ್ನು ಕತ್ತರಿಸಿ, ಬೇಕಾದ ಐದಾರನ್ನು ಮಾತ್ರ ಬಿಡುತ್ತಿದ್ದರು. ಹಿತ್ತಲಿನ ಗಿಡ ಸವರಿದ ಹಾಗೆ. ಅದೊಂದು ಒಳ್ಳೆಯ ಅಭ್ಯಾಸ.

ವಿಎಂ ಓಡಾಡಲು ಶುರು ಮಾಡಿದ ಮೇಲೆ ಈ ಅಭ್ಯಾಸ ಸತ್ತಿತು. ವಿಎಂ ಇವತ್ತು 3ನೇ ಹೋಸ್ಟಿನಲ್ಲಿದೆ (ಹೋಸ್ಟ್ ಅಂದರೆ ವಿಎಂಗಳನ್ನು ಹೊತ್ತ ನಿಜವಾದ ಸರ್ವರ್). ರಾತ್ರಿ ಲೋಡ್ ಜಾಸ್ತಿಯಾದರೆ ತಾನಾಗಿ 11ಕ್ಕೆ ಹೋಗುತ್ತದೆ. ಆ ಹೋಸ್ಟಿಗೂ ಅದರ ವಿಲ್ಯಾನ್ ತಲುಪಿರಲೇಬೇಕು. ಯಾವ ವಿಎಂ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಹಾಗಾಗಿ ಎಲ್ಲ ವಿಲ್ಯಾನ್, ಎಲ್ಲ ಹೋಸ್ಟ್, ಎಲ್ಲ ಕೇಬಲ್.

ಈಗ ಲೆಕ್ಕ ಹಾಕಿ. 20 ಹೋಸ್ಟ್, ಒಂದೊಂದಕ್ಕೆ ಎರಡು ಕೇಬಲ್. 40 ಟ್ರಂಕ್. 150 ವಿಲ್ಯಾನ್. ಗುಣಿಸಿದರೆ 6000. ಸ್ವಿಚ್ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಜೋಡಿಗಳ ಸಂಖ್ಯೆ 150 ಅಲ್ಲ, 6000. ಇನ್ನೊಂದು ವಿಲ್ಯಾನ್ ಸೇರಿಸಿದರೆ ಏರುವುದು ಒಂದಲ್ಲ, 40. ನಾವು ಕೂಡುತ್ತಾ ಇರುತ್ತೇವೆ, ಸ್ವಿಚ್ ಗುಣಿಸುತ್ತಾ ಇರುತ್ತದೆ. ನಮ್ಮ ತೊಂದರೆಯ ಬೇರು ಇಲ್ಲಿದೆ.

ಜೊತೆಗೆ, ಯಾವುದೋ ವಿಲ್ಯಾನ್‌ನಲ್ಲಿ ಒಬ್ಬ "ಈ ಐಪಿ ಯಾರದ್ದು?" ಎಂಬ ಎಆರ್‌ಪಿ ಪ್ರಶ್ನೆ ಕೂಗಿದರೆ, ಆ ವಿಲ್ಯಾನ್‌ನ ಒಂದು ವಿಎಂ ಕೂಡ ಇಲ್ಲದ ಹೋಸ್ಟಿಗೂ ಆ ಕೂಗು ಹೋಗುತ್ತದೆ. ಹೋಸ್ಟ್ ಅದನ್ನು ತೆಗೆದುಕೊಂಡು, ನೋಡಿ, ಎಸೆಯಬೇಕು.

129ನೇ ವಿಲ್ಯಾನ್

ಈಗ ನನ್ನ ಕಥೆ. ಆಗ ನಾನು ಒಂದು ಹೋಸ್ಟಿಂಗ್ ಕಂಪನಿಯಲ್ಲಿದ್ದೆ. ಹೆಸರು ಬೇಡ. ಒಬ್ಬೊಬ್ಬ ಗ್ರಾಹಕನಿಗೆ ಎರಡೆರಡು ವಿಲ್ಯಾನ್ ಕೊಡುತ್ತಿದ್ದೆವು. ಮುಂದಿನ ಸರ್ವರ್‌ಗಳಿಗೆ ಒಂದು, ಹಿಂದಿನ ಡೇಟಾಬೇಸ್‌ಗೆ ಒಂದು. ಅಚ್ಚುಕಟ್ಟಾದ ವ್ಯವಸ್ಥೆ ಅಂತ ನಮಗೆ ಹೆಮ್ಮೆ. ಆ ವಿನ್ಯಾಸ ನನ್ನದೇ, ಅದನ್ನೂ ಹೇಳಿಬಿಡುತ್ತೇನೆ.

ಒಂದು ಸಂಜೆ ಹೊಸ ಗ್ರಾಹಕ ಬಂದ. ವಿಲ್ಯಾನ್ ಮಾಡಿದೆ, ಎಲ್ಲ ಟ್ರಂಕ್‌ಗೂ ಹಾಕಿದೆ, ಬ್ಯಾಗ್ ಎತ್ತಿಕೊಂಡು ಹೊರಟೆ. ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಫೋನ್ ಬಂತು. ಹೊಸ ಗ್ರಾಹಕನದ್ದಲ್ಲ, ಹಳೆಯವರದ್ದು. ಒಬ್ಬರಲ್ಲ, ಎಲ್ಲರದ್ದೂ. ಇಡೀ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಹೋಸ್ಟ್‌ಗಳ ಗುಂಪು) ತೆವಳುತ್ತಿತ್ತು.

ಆದದ್ದು ಇಷ್ಟು. ನಮ್ಮ ಸ್ವಿಚ್‌ನಲ್ಲಿ 1005 ವಿಲ್ಯಾನ್ ಮಾಡಬಹುದಿತ್ತು. ಡೇಟಾಶೀಟ್‌ನ ಮೊದಲ ಪುಟದಲ್ಲೇ ದಪ್ಪಗೆ ಬರೆದಿತ್ತು. ಆದರೆ ವಿಲ್ಯಾನ್‌ಗೊಂದು ಸ್ಪ್ಯಾನಿಂಗ್ ಟ್ರೀ (ಫ್ರೇಮುಗಳು ಸುತ್ತು ಹೊಡೆಯದಂತೆ ಹೆಚ್ಚಿನ ದಾರಿ ಮುಚ್ಚಿಡುವ ವ್ಯವಸ್ಥೆ) ನಡೆಸುವ ಪದ್ಧತಿಯಲ್ಲಿ ಅದು ನಡೆಸಬಲ್ಲದ್ದು 128 ಮಾತ್ರ. ಅದೂ ಬರೆದಿತ್ತು, ತುಂಬ ಒಳಗೆ. 129ನೇ ವಿಲ್ಯಾನ್ ಮಾಡಲು ಹೋದರೆ ಸ್ವಿಚ್ ಬೇಡ ಅನ್ನುವುದಿಲ್ಲ. ಮಾಡಿಕೊಡುತ್ತದೆ. ಸ್ಪ್ಯಾನಿಂಗ್ ಟ್ರೀ ಇಲ್ಲದೆ ಮಾಡಿಕೊಡುತ್ತದೆ. ಲಾಗ್‌ನಲ್ಲಿ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತದೆ.

ನಮ್ಮ ಸ್ವಿಚ್‌ಗಳ ನಡುವೆ ಎರಡೆರಡು ದಾರಿಗಳಿದ್ದವು, ಒಂದು ಹೋದರೆ ಇನ್ನೊಂದು ಇರಲಿ ಅಂತ. ಹಳೆಯ ವಿಲ್ಯಾನ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಒಂದು ದಾರಿಯನ್ನು ಮುಚ್ಚಿಟ್ಟಿತ್ತು. ಹೊಸದರಲ್ಲಿ ಮುಚ್ಚುವವರೇ ಇಲ್ಲ. ಮೊದಲ ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಹೋಗುವ ಫ್ರೇಮು, ಸುತ್ತಲು ಶುರುವಾಯಿತು. ಈಥರ್‌ನೆಟ್ ಫ್ರೇಮಿಗೆ ಆಯುಸ್ಸು ಅಂತ ಇಲ್ಲ. ಐಪಿ ಪ್ಯಾಕೆಟ್ ಹಾಗೆ ಅದು ಹೆಜ್ಜೆ ಎಣಿಸಿ ಸಾಯುವುದಿಲ್ಲ. ಸುತ್ತುತ್ತಲೇ ಇರುತ್ತದೆ. ಟ್ರಂಕ್ ಕೇಬಲ್ ಎಲ್ಲರಿಗೂ ಒಂದೇ ಅಲ್ವಾ? ಒಂದು ಮನೆಯ ನಲ್ಲಿ ಒಡೆದು ಇಡೀ ವಠಾರದ ಅಂಗಳ ತುಂಬಿದ ಹಾಗಾಯಿತು.

ಆ ರಾತ್ರಿ ವಿಲ್ಯಾನ್ ಅಳಿಸಿ ಬಚಾವಾದೆವು. ಆಮೇಲೆ ಎಂಎಸ್‌ಟಿ ಎಂಬ ಪದ್ಧತಿಗೆ ಹೋದೆವು. ಅದರಲ್ಲಿ ನೂರಾರು ವಿಲ್ಯಾನ್‌ಗಳನ್ನು ಎರಡೋ ಮೂರೋ ಗುಂಪು ಮಾಡಿ, ಗುಂಪಿಗೊಂದು ಸ್ಪ್ಯಾನಿಂಗ್ ಟ್ರೀ ನಡೆಸಬಹುದು. ನೀವೂ ಹೋಗುವುದಾದರೆ ಒಂದು ಕಿವಿಮಾತು. ಎಂಎಸ್‌ಟಿಯಲ್ಲಿ ಯಾವ ವಿಲ್ಯಾನ್ ಯಾವ ಗುಂಪು ಎಂಬ ಪಟ್ಟಿ ಎಲ್ಲ ಸ್ವಿಚ್‌ಗಳಲ್ಲೂ ಅಕ್ಷರಶಃ ಒಂದೇ ಇರಬೇಕು. ಒಂದು ಕಡೆ ಬದಲಾದರೆ ಆ ಸ್ವಿಚ್ ಬೇರೆ ಊರಿನವನಾಗಿಬಿಡುತ್ತಾನೆ. ಹಾಗಾಗಿ ಇವತ್ತು ಇರುವ ವಿಲ್ಯಾನ್‌ಗಳನ್ನಷ್ಟೇ ಹಂಚಬೇಡಿ. 1ರಿಂದ 4094ರವರೆಗೆ ಇಲ್ಲದಿರುವವನ್ನೂ ಮೊದಲ ದಿನವೇ ಹಂಚಿ ಮುಗಿಸಿ. ಆಮೇಲೆ ಆ ಪಟ್ಟಿ ಮುಟ್ಟಬೇಡಿ.

ಎಂಎಸ್‌ಟಿ ಇನ್ನೊಂದು ಭಾರವನ್ನೂ ಇಳಿಸುತ್ತದೆ. ವಿಲ್ಯಾನ್‌ಗೊಂದು ಸ್ಪ್ಯಾನಿಂಗ್ ಟ್ರೀ ಇದ್ದರೆ ಪ್ರತಿ ಟ್ರಂಕ್‌ನಲ್ಲಿ ಪ್ರತಿ ವಿಲ್ಯಾನ್‌ಗೂ 2 ಸೆಕೆಂಡಿಗೊಮ್ಮೆ ಒಂದು ಬಿಪಿಡಿಯು (ಸ್ಪ್ಯಾನಿಂಗ್ ಟ್ರೀಯ ಸಂದೇಶ) ಕಳಿಸಬೇಕು. ನಮ್ಮ 6000 ಜೋಡಿಗೆ ಸೆಕೆಂಡಿಗೆ 3000. ಸ್ವಿಚ್‌ನ ಸಿಪಿಯು ಸಾಮಾನ್ಯವಾಗಿ ತುಂಬ ಬಡಪಾಯಿ. ಮಜಾ ಏನೆಂದರೆ ವಿಎಂವೇರ್‌ನ ವರ್ಚುವಲ್ ಸ್ವಿಚ್ ಸ್ಪ್ಯಾನಿಂಗ್ ಟ್ರೀ ನಡೆಸುವುದೇ ಇಲ್ಲ. ಹೋಸ್ಟ್‌ಗೆ ಕಳಿಸಿದ ಅಷ್ಟೂ ಬಿಪಿಡಿಯು ಕೇಳುವವರಿಲ್ಲದ ಭಾಷಣ.

ಕಾರ್ಡಿನ ಒಳಗಿನ ಪುಟ್ಟ ಪಟ್ಟಿ

ಇದು ಎಲ್ಲಕ್ಕಿಂತ ಕಿಲಾಡಿ. ಸ್ವಿಚ್ ಬಿಟ್ಟು ಈಗ ಸರ್ವರ್ ಒಳಗೆ ಬನ್ನಿ.

ನೆಟ್‌ವರ್ಕ್ ಕಾರ್ಡ್ ತನಗೆ ಬೇಡದ ವಿಲ್ಯಾನ್‌ನ ಫ್ರೇಮುಗಳನ್ನು ತಾನೇ ಬಿಸಾಡುತ್ತದೆ. ಸಿಪಿಯುಗೆ ತೊಂದರೆ ಕೊಡುವುದಿಲ್ಲ. ಬೇಕಾದ ವಿಲ್ಯಾನ್ ಯಾವುವು ಅಂತ ಕಾರ್ಡಿನೊಳಗೆ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿ ಎಷ್ಟು ಉದ್ದ? 4094 ಅಂತ ನೀವು ಅಂದುಕೊಂಡಿರುತ್ತೀರಿ. ಇಂಟೆಲ್‌ನ ಹಳೆಯ 10 ಗಿಗಾಬಿಟ್ ಚಿಪ್ 82599 ನೋಡಿ. ಒಂದು ಕಾರ್ಡನ್ನು ಹತ್ತಾರು ವಿಎಂಗಳಿಗೆ ನೇರವಾಗಿ ಹಂಚುವ ಎಸ್‌ಆರ್-ಐಒವಿ ಬಳಸಿದಾಗ, ಯಾವ ವಿಲ್ಯಾನ್ ಯಾರಿಗೆ ಅಂತ ಬರೆದಿಡುವ ಜಾಗ ಅದರಲ್ಲಿ 64 ಸಾಲು. ಮೆಲನಾಕ್ಸ್‌ನ ಎಂಎಲ್‌ಎಕ್ಸ್4 ಡ್ರೈವರ್ ಬಳಸುವ ಕನೆಕ್ಟ್‌ಎಕ್ಸ್-3 ಕಾರ್ಡ್‌ಗಳಲ್ಲಿ 128. ಕಾರ್ಡಿನ ಬೆಲೆ ನೋಡಿದರೆ ಇಷ್ಟು ಚಿಕ್ಕ ಡೈರಿ ಇಟ್ಟಿರುತ್ತಾರೆ ಅಂತ ಅನಿಸುವುದೇ ಇಲ್ಲ.

ವಿಎಂ ನಡೆಸಲು ಪ್ರಾಕ್ಸ್‌ಮಾಕ್ಸ್ ಬಳಸುವವರು ಎಷ್ಟು ಜನ? (ಹತ್ತು ಕೈ.) ಅದರಲ್ಲಿ ಬ್ರಿಡ್ಜ್‌ಗೆ (ಹೋಸ್ಟ್ ಒಳಗಿನ ಸಾಫ್ಟ್‌ವೇರ್ ಸ್ವಿಚ್‌ಗೆ) ವಿಲ್ಯಾನ್ ಅರಿವು ಕೊಡುವ ಒಂದು ಟಿಕ್ ಇದೆ. ಅದನ್ನು ಹಾಕಿದರೆ ಸಂರಚನೆಯಲ್ಲಿ "2ರಿಂದ 4094" ಅಂತ ತಾನೇ ಬರೆದುಕೊಳ್ಳುತ್ತದೆ. ತುಂಬ ಅನುಕೂಲ. ಆದರೆ ಅದರ ಕೆಳಗಿರುವ ಲಿನಕ್ಸ್ ಆ 4093 ನಂಬರುಗಳನ್ನು ಒಂದೊಂದಾಗಿ ಕಾರ್ಡಿಗೆ ಹೇಳಲು ಹೋಗುತ್ತದೆ. ಪಟ್ಟಿ ತುಂಬಿದ ಮೇಲೆ ಏನಾಗುತ್ತದೆ ಎಂಬುದು ಕಾರ್ಡ್ ಮೇಲೆ ನಿಂತಿದೆ. ಕೆಲವು ಡ್ರೈವರ್‌ಗಳು ಶೋಧನೆಯನ್ನೇ ನಿಲ್ಲಿಸಿ ಎಲ್ಲವನ್ನೂ ಒಳಗೆ ಬಿಡುತ್ತವೆ. ಕೆಲಸ ನಡೆಯುತ್ತದೆ, ಸಿಪಿಯು ಸ್ವಲ್ಪ ಜಾಸ್ತಿ ಬೇಯುತ್ತದೆ. ಇನ್ನು ಕೆಲವು ಉಳಿದ ನಂಬರುಗಳನ್ನು ಸುಮ್ಮನೆ ಕೈಬಿಡುತ್ತವೆ.

ಈ ಎರಡನೆಯದು ನನಗೆ ಸಿಕ್ಕಿದ್ದು ಹೇಗೆ ಗೊತ್ತಾ? ವಿಲ್ಯಾನ್ 300ರ ವಿಎಂ ಚೆನ್ನಾಗಿದೆ. 870ರದ್ದು ಸತ್ತಿದೆ. ಸ್ವಿಚ್ ಸರಿ ಇದೆ, ಬ್ರಿಡ್ಜ್ ಸರಿ ಇದೆ. ಪ್ಯಾಕೆಟ್ ಬರ್ತಾ ಇದೆಯಾ ನೋಡೋಣ ಅಂತ ಹೋಸ್ಟ್‌ನಲ್ಲಿ ಟಿಸಿಪಿಡಂಪ್ ಹಾಕಿದೆ. ತಕ್ಷಣ ವಿಎಂ ಎದ್ದು ಕೂತಿತು! ಪಿಂಗ್ ಓಡುತ್ತಿದೆ. ಸರಿ, ಆಯ್ತಲ್ಲ ಅಂತ ಟಿಸಿಪಿಡಂಪ್ ನಿಲ್ಲಿಸಿದೆ. ಮತ್ತೆ ಸತ್ತಿತು. ಹಾಕಿದೆ, ಎದ್ದಿತು. ತೆಗೆದೆ, ಸತ್ತಿತು. ಪಕ್ಕದಲ್ಲಿದ್ದವನು "ಸಾರ್, ಅದು ಓಡ್ತಾನೇ ಇರ್ಲಿ ಬಿಡಿ" ಎಂದ. ನಿಜ ಹೇಳಬೇಕಂದರೆ ಆ ರಾತ್ರಿ ಹಾಗೇ ಬಿಟ್ಟೆವು.

ಕಾರಣ ಮರುದಿನ ಹೊಳೆಯಿತು. ಟಿಸಿಪಿಡಂಪ್ ಕಾರ್ಡನ್ನು ಪ್ರಾಮಿಸ್ಕ್ಯುಯಸ್ ಸ್ಥಿತಿಗೆ ತರುತ್ತದೆ. ಆಗ ಕಾರ್ಡ್ ಪಟ್ಟಿ ನೋಡುವುದನ್ನು ಬಿಟ್ಟು ಎಲ್ಲವನ್ನೂ ಒಳಗೆ ಬಿಡುತ್ತದೆ. ಅಂದರೆ ನೋಡಲು ಹೋದರೆ ರೋಗ ಮಾಯ. ಕರ್ನಲ್ ಲಾಗ್ ತೆಗೆದರೆ, ಬೂಟ್ ಆದ ಹೊತ್ತಿನಲ್ಲೇ ಒಂದು ಸಾಲು ಇತ್ತು. ಪಟ್ಟಿ ದೊಡ್ಡದಾಯಿತು, ಕೆಲವು ವಿಲ್ಯಾನ್‌ಗಳನ್ನು ಬಿಟ್ಟಿದ್ದೇನೆ ಅಂತ. ಪರಿಹಾರ ಎರಡು ನಿಮಿಷದ್ದು. 2ರಿಂದ 4094 ಅಂತ ಇದ್ದ ಕಡೆ ನಮಗೆ ಬೇಕಾದ 60 ನಂಬರುಗಳನ್ನು ಮಾತ್ರ ಬರೆದೆವು.

ಹದಿನೈದು ಅಕ್ಷರ, 256 ವಿಳಾಸ

ಈಗ ಸಣ್ಣ ಸಣ್ಣವು. ಬೇಗ ಹೇಳಿ ಮುಗಿಸುತ್ತೇನೆ.

ಲಿನಕ್ಸ್‌ನಲ್ಲಿ ಒಂದು ಇಂಟರ್‌ಫೇಸಿನ (ನೆಟ್‌ವರ್ಕ್ ಸಂಪರ್ಕದ) ಹೆಸರು 15 ಅಕ್ಷರ ದಾಟುವಂತಿಲ್ಲ. ಮೊದಲು ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಟಿಎಚ್0 ಅಂತ ಇತ್ತು, ಚುಕ್ಕಿ ಇಟ್ಟು ವಿಲ್ಯಾನ್ ನಂಬರ್ ಹಾಕುತ್ತಿದ್ದೆವು. ಈಗ ಹೊಸ ಹೆಸರಿಡುವ ಪದ್ಧತಿ ಬಂದಿದೆ. ಕಾರ್ಡ್ ಯಾವ ಬಸ್, ಯಾವ ಸ್ಲಾಟ್, ಯಾವ ಪೋರ್ಟ್ ಅಂತ ಜಾತಕವನ್ನೇ ಹೆಸರಿನಲ್ಲಿ ಬರೆಯುತ್ತಾರೆ. ಇಎನ್‌ಪಿ130ಎಸ್0ಎಫ್1ಎನ್‌ಪಿ1 ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಣಿಸಿ. 13. ಚುಕ್ಕಿ ಸೇರಿಸಿದರೆ 14. ಉಳಿದದ್ದು ಒಂದು ಅಂಕಿಗೆ ಜಾಗ. ಅಂದರೆ ವಿಲ್ಯಾನ್ 9ರವರೆಗೆ! 4094ರ ಸಾಮ್ರಾಜ್ಯ ಹೆಸರಿನ ಉದ್ದದಿಂದಾಗಿ ಒಂಬತ್ತಕ್ಕೆ ಇಳಿಯಿತು. ಬೇರೆ ಚಿಕ್ಕ ಹೆಸರು ಕೊಟ್ಟರೆ ಸರಿಹೋಗುತ್ತದೆ, ನಿಜ. ಆದರೆ ರಾತ್ರಿ ಎರಡು ಗಂಟೆಗೆ ಇದು ಹೊಳೆಯಬೇಕಲ್ಲ. ಓಪನ್‌ಸ್ಟಾಕ್ ಎಂಬ ಕ್ಲೌಡ್ ಸಾಫ್ಟ್‌ವೇರ್‌ನಲ್ಲಿ ವಿಎಂಗಳ ಟ್ಯಾಪ್ ಇಂಟರ್‌ಫೇಸುಗಳ ಹೆಸರು ಅರ್ಧಕ್ಕೇ ಕತ್ತರಿಸಿದ ಹಾಗೆ ಕಾಣುತ್ತದೆ, ಗಮನಿಸಿದ್ದೀರಾ? ಟ್ಯಾಪ್ ಎಂಬ ಮೂರು ಅಕ್ಷರ, ಆಮೇಲೆ ಪೋರ್ಟ್ ಐಡಿಯ ಮೊದಲ 11. ಒಟ್ಟು 14. ಇದೇ ಕಾರಣಕ್ಕೆ.

ಲಿನಕ್ಸ್ ಬ್ರಿಡ್ಜ್ ಒಂದಕ್ಕೆ 1023 ಪೋರ್ಟ್ ಮಿತಿ. ಇದು ವಿಎಂ ಮಾತ್ರ ಇದ್ದರೆ ಸಿಗುವುದಿಲ್ಲ. ವಿಎಂಗಿಂತ ಹಗುರವಾದ ಕಂಟೇನರ್‌ಗಳನ್ನು ತುಂಬಿದವರಿಗೆ ಸಿಗಬಹುದು.

ಮೈಕ್ರೋಸಾಫ್ಟ್‌ನ ಹೈಪರ್-ವಿ ಬಳಸುವವರು ಇದನ್ನು ಬರೆದುಕೊಳ್ಳಿ. ಒಂದು ಹೋಸ್ಟ್ ತನ್ನ ವಿಎಂಗಳಿಗೆ ತಾನಾಗಿ ಹಂಚುವ ಮ್ಯಾಕ್ ವಿಳಾಸಗಳು (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರುಗಳು) ಡಿಫಾಲ್ಟ್ ಆಗಿ 256. ಅಷ್ಟೇ. ಆ 256ರ ಸಾಲು ಶುರುವಾಗುವುದು 00-15-5ಡಿಯಿಂದ. ಆಮೇಲಿನ ಎರಡು ಭಾಗ ಹೋಸ್ಟಿನ ಐಪಿಯ ಕೊನೆಯ ಎರಡು ಭಾಗಗಳಿಂದ ಬರುತ್ತದೆ. ಅದೂ ಹೈಪರ್-ವಿ ಮೊದಲು ಹಾಕಿದಾಗ ಇದ್ದ ಐಪಿ. ಈಗ ನೀವು ಹೈಪರ್-ವಿ ಹಾಕಿದ ಒಂದು ಸರ್ವರ್ ತಯಾರು ಮಾಡಿ, ಅದರ ನಕಲು ಇನ್ನು ನಾಲ್ಕಕ್ಕೆ ಇಳಿಸಿದಿರಿ ಅನ್ನಿ. ಐದೂ ಹೋಸ್ಟ್‌ಗಳು ಅದೇ 256 ವಿಳಾಸ ಹಂಚಲು ಶುರು. ಒಂದೇ ವಿಲ್ಯಾನ್‌ನಲ್ಲಿ ಒಂದೇ ಮ್ಯಾಕ್‌ನ ಎರಡು ವಿಎಂ. ಒಂದೇ ಹೆಸರಿನ ಇಬ್ಬರು ಒಂದೇ ವಠಾರದಲ್ಲಿದ್ದರೆ ಮನಿಯಾರ್ಡರ್ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ.

ಇನ್ನೊಂದು, ಲಿನಕ್ಸ್ ವಿಎಂಅನ್ನೇ ರೂಟರ್ ಮಾಡಿಕೊಂಡು ಹತ್ತಾರು ವಿಲ್ಯಾನ್‌ಗಳನ್ನು ಅದಕ್ಕೆ ಕಟ್ಟುವವರಿಗೆ. ಅದರ ಎಆರ್‌ಪಿ ಪಟ್ಟಿಯ ಮೇಲ್ಮಿತಿ ಡಿಫಾಲ್ಟ್ ಆಗಿ 1024. ಎಲ್ಲ ವಿಲ್ಯಾನ್‌ಗಳ ನೆರೆಹೊರೆಯವರೂ ಸೇರಿ 1024. ದಾಟಿದರೆ ಒಬ್ಬೊಬ್ಬರೇ ಕಾಣೆಯಾಗಿ, ಮತ್ತೆ ಕಾಣಿಸಿಕೊಳ್ಳುತ್ತಾರೆ. ಕರ್ನಲ್ ಸೆಟ್ಟಿಂಗ್‌ನಲ್ಲಿ (ಸಿಸ್‌ಸಿಟಿಎಲ್) ಒಂದು ಸಾಲಿನ ಬದಲಾವಣೆಯಿಂದ ಏರಿಸಬಹುದು.

ರೂಟರ್ ವಿಎಂ ಅಂದಾಗ ನೆನಪಾಯಿತು. ವಿಎಂವೇರ್‌ನಲ್ಲಿ ಒಂದು ವಿಎಂಗೆ 10 ನೆಟ್‌ವರ್ಕ್ ಕಾರ್ಡ್ ಮಾತ್ರ. ಪ್ರಾಕ್ಸ್‌ಮಾಕ್ಸ್‌ನಲ್ಲಿ 32. ಹೈಪರ್-ವಿ 2016ರಲ್ಲಿ 8, ಜೊತೆಗೆ ಹಳೇ ನಮೂನೆಯವು 4. ಹಾಗಾದರೆ 30 ವಿಲ್ಯಾನ್ ಕಾಯುವ ಫೈರ್‌ವಾಲ್ ವಿಎಂಅನ್ನು ವಿಎಂವೇರ್‌ನಲ್ಲಿ ಹೇಗೆ ಕಟ್ಟುತ್ತೀರಿ? ಆಗಲೇ ಹೇಳಿದ 4095 ಇಲ್ಲಿ ಬರುತ್ತದೆ. ಒಂದೇ ಕಾರ್ಡ್ ಕೊಟ್ಟು, ಎಲ್ಲ ಟ್ಯಾಗ್‌ಗಳನ್ನೂ ಒಳಗೆ ಬಿಟ್ಟು, ವಿಂಗಡಿಸುವ ಕೆಲಸ ಫೈರ್‌ವಾಲ್‌ಗೇ ವಹಿಸಿ. ಆದರೆ ಆ ವಿಎಂಗೆ ಎಲ್ಲ ಮನೆಯ ಬೀಗದ ಕೈ ಸಿಕ್ಕ ಹಾಗೆ, ಯಾರಿಗೆ ಕೊಡುತ್ತಿದ್ದೀರಿ ಎಂಬ ಎಚ್ಚರ ಇರಲಿ.

ದೊಡ್ಡ ಪೆಟ್ಟಿಗೆ: ವಿಎಕ್ಸ್‌ಲ್ಯಾನ್

"ಇಷ್ಟೆಲ್ಲ ಯಾಕೆ ಸಾರ್, ವಿಎಕ್ಸ್‌ಲ್ಯಾನ್ ಹಾಕಿದರೆ ಆಯ್ತಲ್ಲ" ಅಂತ ಕೆಲವರ ಮುಖ ನೋಡಿದರೇ ಗೊತ್ತಾಗುತ್ತಿದೆ. ಸರಿ, ನೋಡೋಣ.

ಮೊದಲು ಟ್ಯಾಗ್ ಮೇಲೆ ಟ್ಯಾಗ್ ಹಚ್ಚುವ ಉಪಾಯ ಬಂತು, ಟೆಲಿಕಾಂ ಕಂಪನಿಗಳಿಗಾಗಿ. 4094 ಗುಣಿಸು 4094, ಒಂದೂವರೆ ಕೋಟಿಗೂ ಜಾಸ್ತಿ. ಆದರೆ ಮಧ್ಯದ ಸ್ವಿಚ್‌ಗಳು ಎಲ್ಲ ವಿಎಂಗಳ ಮ್ಯಾಕ್ ವಿಳಾಸಗಳನ್ನೂ ಕಲಿಯುವ ಕಷ್ಟ ಹಾಗೇ ಉಳಿಯಿತು. ಸಾಮಾನ್ಯ ಆಕ್ಸೆಸ್ ಸ್ವಿಚ್‌ನಲ್ಲಿ ಎಂಟೋ ಹದಿನಾರೋ ಸಾವಿರ ಮ್ಯಾಕ್‌ಗೆ ಜಾಗ ಇರುತ್ತದೆ. ಅದು ತುಂಬಿದರೆ ಗೊತ್ತಿಲ್ಲದ ವಿಳಾಸದ ಫ್ರೇಮನ್ನು ಎಲ್ಲ ಪೋರ್ಟಿಗೂ ಎರಚುತ್ತದೆ.

ವಿಎಕ್ಸ್‌ಲ್ಯಾನ್ ಬೇರೆ ದಾರಿ ಹಿಡಿಯಿತು. 2011ರಲ್ಲಿ ವಿಎಂವೇರ್, ಸಿಸ್ಕೋ, ಅರಿಸ್ಟಾ ಮುಂತಾದವರು ಸೇರಿ ಮುಂದಿಟ್ಟರು. 2014ರಲ್ಲಿ ಆರ್‌ಎಫ್‌ಸಿ 7348 ಎಂಬ ಇಂಟರ್‌ನೆಟ್ ದಾಖಲೆಯಾಗಿ ಪ್ರಕಟವಾಯಿತು. ವಿಎಂ ಕಳಿಸಿದ ಇಡೀ ಫ್ರೇಮನ್ನು ಯುಡಿಪಿ ಪ್ಯಾಕೆಟ್ ಒಳಗೆ ಸುತ್ತಿ ಕಳಿಸುವುದು. ಪೋರ್ಟ್ 4789. ಗುರುತಿಗೆ 12 ಬಿಟ್ ಬದಲು 24 ಬಿಟ್. ಅಂದರೆ 1,67,77,216 ನೆಟ್‌ವರ್ಕ್. ಮಧ್ಯದ ಸ್ವಿಚ್‌ಗೆ ಕಾಣುವುದು ಹೋಸ್ಟ್‌ಗಳ ಐಪಿ ಮಾತ್ರ. ಒಳಗೆ ಎಷ್ಟು ವಿಎಂ, ಎಷ್ಟು ಮ್ಯಾಕ್, ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನನಗೆ ಕೇಳಿದರೆ ವಿಎಕ್ಸ್‌ಲ್ಯಾನ್‌ನ ನಿಜವಾದ ಉಪಕಾರ ಇದು. ಒಂದೂವರೆ ಕೋಟಿ ಎಂಬ ನಂಬರ್ ಜಾಹೀರಾತಿಗೆ ಚೆನ್ನ. ಟ್ರಂಕ್ ಗುಣಿಸು ವಿಲ್ಯಾನ್ ಎಂಬ ಲೆಕ್ಕವೇ ಮಾಯವಾಯಿತಲ್ಲ, ಅದು ಮುಖ್ಯ.

ಆದರೆ ಸುತ್ತುವ ಕಾಗದಕ್ಕೂ ತೂಕ ಇದೆ. 50 ಬೈಟ್. ಒಳಗಿನ ವಿಎಂ ಗರಿಷ್ಠ 1500 ಬೈಟ್ ಅಂದುಕೊಂಡು ಕಳಿಸಿದರೆ ಹೊರಗಿನ ಜಾಲ 1550 ಹೊರಬೇಕು. ದಾರಿಯಲ್ಲಿ ಒಂದೇ ಒಂದು ಸ್ವಿಚ್ 1500ರಲ್ಲಿ ಉಳಿದಿದ್ದರೂ ಸಾಕು. ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ಕಳಿಸಿದರೆ ನಿಂತುಬಿಡುತ್ತದೆ. ಈ ಮೂರನ್ನೂ ಯಾರಾದರೂ ಒಂದೇ ಉಸಿರಿನಲ್ಲಿ ಹೇಳಿದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಅಂತ ಕಣ್ಣು ಮುಚ್ಚಿ ಹೇಳಿಬಿಡಿ.

ಇನ್ನೂ ಒಂದು. ವಿಎಕ್ಸ್‌ಲ್ಯಾನ್ ಅನ್ನು ಸ್ವಿಚ್‌ನಲ್ಲೇ ಬಿಚ್ಚಿ ಸುತ್ತುವುದಾದರೆ, ಆ ಸ್ವಿಚ್‌ನಿಂದ ಸರ್ವರ್‌ವರೆಗಿನ ಕೇಬಲ್‌ನಲ್ಲಿ ಮತ್ತೆ ಅದೇ ಹಳೇ 12 ಬಿಟ್ ಟ್ಯಾಗ್. ಜಾಲವೆಲ್ಲ ಸೇರಿ ಕೋಟಿ ನೆಟ್‌ವರ್ಕ್ ಇರಬಹುದು, ಒಂದು ಕೇಬಲ್‌ನಲ್ಲಿ 4094ಕ್ಕಿಂತ ಜಾಸ್ತಿ ಬರುವುದಿಲ್ಲ. ಕಾರ್ಡಿನ ಪಟ್ಟಿಯೂ ಅಷ್ಟೇ ಚಿಕ್ಕದು.

ಪ್ರಶ್ನೆಗಳು

ಮಾತು ಮುಗಿದ ಮೇಲೆ ಸುಮಾರು ಪ್ರಶ್ನೆಗಳು ಬಂದವು. ಮೂರನ್ನು ಮಾತ್ರ ಇಲ್ಲಿ ಹಾಕುತ್ತಿದ್ದೇನೆ.

ಗ್ರಾಹಕನಿಗೊಂದು ವಿಲ್ಯಾನ್ ಕೊಡದೆ ಅವರನ್ನು ಬೇರೆ ಬೇರೆ ಇಡಲು ಆಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಆಗುತ್ತದೆ. ಪ್ರೈವೇಟ್ ವಿಲ್ಯಾನ್ ಅಂತ ಇದೆ. ನೂರು ಗ್ರಾಹಕರ ಒಂದೊಂದು ಸರ್ವರ್ ಒಂದೇ ವಿಲ್ಯಾನ್‌ನಲ್ಲಿ, ಒಂದೇ ಐಪಿ ಸಾಲಿನಲ್ಲಿ ಇರುತ್ತವೆ. ಪ್ರತಿಯೊಂದೂ ಗೇಟ್‌ವೇ ಜೊತೆ ಮಾತ್ರ ಮಾತಾಡಬಹುದು, ಪಕ್ಕದವನ ಜೊತೆ ಅಲ್ಲ. ನನ್ನ ಆ 129ನೇ ವಿಲ್ಯಾನ್ ಕಥೆಯಲ್ಲಿ ನಾನು ಇದನ್ನು ಬಳಸಿದ್ದರೆ ಬಹುಶಃ 70 ವಿಲ್ಯಾನ್‌ಗಳಲ್ಲಿ ಮುಗಿಯುತ್ತಿತ್ತು. ಈಗ ಹೈಪರ್‌ವೈಸರ್ (ವಿಎಂಗಳನ್ನು ನಡೆಸುವ ಸಾಫ್ಟ್‌ವೇರ್) ಒಳಗೇ ಪ್ರತಿ ವಿಎಂಗೊಂದು ಫೈರ್‌ವಾಲ್ ಹಾಕುವ ದಾರಿಯೂ ಇದೆ.

ಎಲ್ಲ ವಿಲ್ಯಾನ್ ಎಲ್ಲ ಹೋಸ್ಟಿಗೂ ಬೇಕೇ ಬೇಕಾ ಎಂಬುದು ಎರಡನೆಯದು. ಒಂದು ಕ್ಲಸ್ಟರ್ ಒಳಗೆ ಹೌದು. ಅದಕ್ಕೇ ಕ್ಲಸ್ಟರ್ ಚಿಕ್ಕದಿರಲಿ. 20 ಹೋಸ್ಟಿನ ಒಂದು ಕ್ಲಸ್ಟರ್, 150 ವಿಲ್ಯಾನ್ ಎಂಬುದನ್ನು 10ರ ಎರಡು ಕ್ಲಸ್ಟರ್, ತಲಾ 75 ವಿಲ್ಯಾನ್ ಮಾಡಿ. 6000 ಇದ್ದದ್ದು ಒಂದೊಂದರಲ್ಲಿ 1500 ಆಗುತ್ತದೆ. ಕೂಡಿದರೂ 3000. ವಿಎಂಗಳ ಓಡಾಟಕ್ಕೆ ಜಾಗ ಸ್ವಲ್ಪ ಕಡಿಮೆಯಾಗುತ್ತದೆ ಎಂದು ಮ್ಯಾನೇಜರ್ ಗೊಣಗಬಹುದು. ಗೊಣಗಲಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಹುಡುಗನದ್ದು. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿದೆಯಂತೆ. "ನಮ್ಮಲ್ಲಿ 40 ವಿಲ್ಯಾನ್ ಅಷ್ಟೇ ಸಾರ್. ಪ್ರಾಕ್ಸ್‌ಮಾಕ್ಸ್. ನಾವು ಚಿಂತೆ ಮಾಡಬೇಕಾ?" ಎಂದ. ಬ್ರಿಡ್ಜ್‌ನಲ್ಲಿ 40 ಬರೆದಿದ್ದೀರಾ ಅಥವಾ 2ರಿಂದ 4094 ಅಂತ ಇದೆಯಾ ಎಂದು ಕೇಳಿದೆ. ಅವನು ಸುಮ್ಮನಾದ. ಅಲ್ಲೇ ಲ್ಯಾಪ್‌ಟಾಪ್ ತೆಗೆದು, ವಿಪಿಎನ್ ಹಾಕಿ, ಒಂದು ಹೋಸ್ಟ್‌ಗೆ ಲಾಗಿನ್ ಆಗಿ, ಕರ್ನಲ್ ಲಾಗ್‌ನಲ್ಲಿ ವಿಲ್ಯಾನ್ ಎಂಬ ಪದ ಹುಡುಕಿದ. ಪಕ್ಕದವರೆಲ್ಲ ಅವನ ಸ್ಕ್ರೀನ್ ಕಡೆ ಬಾಗಿದರು. ಬೂಟ್ ಆದ ದಿನದ ಒಂದು ಸಾಲು ಇತ್ತು. "ಅದಕ್ಕೇ ಮೊನ್ನೆ ಹಾಕಿದ 2100 ಬರ್ತಿಲ್ಲ" ಎಂದು ತನಗೆ ತಾನೇ ಹೇಳಿಕೊಂಡು, ಕಾಫಿಗೂ ನಿಲ್ಲದೆ ಫೋನ್ ಹಿಡಿದು ಹೊರಗೆ ಹೋದ.